ಇಲಿಗಳ ಡಬ್ಬ ಒಪ್ಪಿಸಿ ಹೋದವರಿಗೆ

ಹೆಸರು ಹೇಳದೆ ನಾಲ್ಕು ಸಾಕು ಇಲಿಗಳನ್ನು ಒಪ್ಪಿಸಿ ಹೋದವರೇ, ನಿಮಗೆ ಧನ್ಯವಾದ. ಡಬ್ಬದ ಮೇಲೆ ‘ಎಲ್ಲಿಯವೋ ಗೊತ್ತಿಲ್ಲ, ಗಂಡು ಹೆಣ್ಣು ಒಟ್ಟಿಗಿದ್ದವು’ ಎಂದು ಬರೆದಿದ್ದಿರಲ್ಲ, ಆ ಒಂದು ಸಾಲೇ ದೊಡ್ಡ ಉಪಕಾರ. ಇಲಿಯ ಗರ್ಭ 21ರಿಂದ 23 ದಿನ; ಹೆಣ್ಣು ಐದು ವಾರಕ್ಕೇ ಗಬ್ಬವಾಗಬಲ್ಲದು, ಹೆತ್ತ ದಿನವೇ ಮತ್ತೆ ಗಬ್ಬ ಕಟ್ಟಬಲ್ಲದು. ಹಾಗಾಗಿ ಗಂಡುಗಳನ್ನು ಅಂದೇ ಬೇರೆ ಪಂಜರಕ್ಕೆ ಹಾಕಿ, ಹೆಣ್ಣುಗಳನ್ನು ದಿನಾ ಗ್ರಾಂ ಲೆಕ್ಕದಲ್ಲಿ ತೂಗುತ್ತಿದ್ದೇವೆ. ಸೋಂಕೇನಾದರೂ ಇದ್ದರೆ ಹರಡದಿರಲೆಂದು, ನಮ್ಮಲ್ಲಿ ಮೊದಲೇ ಇರುವ ಇಲಿಗಳಿಂದ ದೂರ, ಬೇರೆ ಕೋಣೆಯಲ್ಲಿ ಮೂರು ವಾರ ಇಡುತ್ತೇವೆ.

ಮೂಗಿನಂಚಿಗೆ ಅಂಟಿದ್ದ ಕೆಂಪು ರಕ್ತವಲ್ಲ, ಕಣ್ಣ ಹಿಂದಿನ ಗ್ರಂಥಿಯಿಂದ ಬರುವ ಪಾರ್ಫಿರಿನ್ ಎಂಬ ಕೆಂಪು ಬಣ್ಣದ ವಸ್ತು. ಗಾಬರಿಯಾದಾಗ, ಉಸಿರಾಟದ ಸೋಂಕಿದ್ದಾಗ ಹೆಚ್ಚುತ್ತದೆ. ನೀವು ಹಾಸಿದ್ದ ಪೈನ್ ಮರದ ಹೊಟ್ಟನ್ನು ಮಾತ್ರ ತೆಗೆದೆವು, ಬೇಜಾರಾಗಬೇಡಿ. ಅದರ ಘಾಟು ಇಲಿಯ ಶ್ವಾಸಕೋಶಕ್ಕೆ ಆಗದು. ಈಗ ಹರಿದ ಕಾಗದ ಹಾಸಿದ್ದೇವೆ.