ಹಳೆ ಡೀಸೆಲ್ ಗಾಡಿ ಬಿಸಿಯಾದರೆ ಅದರ ವಯಸ್ಸನ್ನು ದೂರಬೇಡಿ

ಮಾನ್ಯ ಸಂಪಾದಕರೇ,

ನಾನು ಮಂಡ್ಯದಲ್ಲಿ, ಎಂಜಿನ್ನಿನ ಬಿಸಿ ನೀರನ್ನು ತಣಿಸುವ ರೇಡಿಯೇಟರ್ ರಿಪೇರಿ ಮಾಡುವವನು. ನಮ್ಮ ಅಪ್ಪನದೂ ಇದೇ ಕಸುಬು. ರಸ್ತೆ ಮೇಲಿನ ರಾಗಿ, ಹುರುಳಿ ಒಕ್ಕಣೆ ಮುಗಿಯುತ್ತಾ ಬಂತು. ಇನ್ನು ಬಿಸಿಲು ಏರುತ್ತದೆ. ಜಾತ್ರೆ, ಮದುವೆ, ಮಾದಪ್ಪನ ಬೆಟ್ಟದ ಹರಕೆ ಅಂತ ಜನ ಮನೆಮಂದಿಯನ್ನೆಲ್ಲ ತುಂಬಿಕೊಂಡು ಗಾಡಿ ತೆಗೆಯುತ್ತಾರೆ. ಪ್ರತಿ ವರ್ಷ ಈ ಹೊತ್ತಿಗೆ ನಮ್ಮ ಅಂಗಡಿಗೆ ಹಳೆ ಟರ್ಬೊ ಡೀಸೆಲ್ ಗಾಡಿಗಳು ಜಾಸ್ತಿ ಬರುತ್ತವೆ. ಬಂದವರು ಕೇಳುವುದೂ ಒಂದೇ ಮಾತು. ‘ಗಾಡಿಗೆ ವಯಸ್ಸಾಯ್ತು ಅಣ್ಣ, ಹೀಟ್ ಆಗ್ತಾ ಇದೆ. ಕೊಟ್ಟುಬಿಡ್ಲಾ?’

ಕೊಡಬೇಕಾಗಿಲ್ಲ. 15 ವರ್ಷ ತುಂಬಿದ ಸ್ವಂತ ಗಾಡಿಯನ್ನು ಎಫ್‌ಸಿ (ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಮಾಡಿಸಿ ಇನ್ನೂ 5 ವರ್ಷ ಓಡಿಸಲು ಕಾನೂನೇ ದಾರಿ ಕೊಟ್ಟಿದೆ. ಎಂಜಿನ್ನಿಗೆ ಆ ತಾಕತ್ತೂ ಇರುತ್ತದೆ. ಅದನ್ನು ಹೆಚ್ಚಾಗಿ ಕೊಲ್ಲುವುದು ಎರಡು. ರೇಡಿಯೇಟರ್ ಮುಂದೆ ಕಟ್ಟಿಕೊಂಡ ಹೊಟ್ಟು, ಒಳಗೆ ಸುರಿದ ಬೋರ್ ನೀರು. ಎರಡಕ್ಕೂ ಖರ್ಚು ಕಮ್ಮಿ, ಗಮನ ಬೇಕು ಅಷ್ಟೆ. ಅದಕ್ಕೇ ಈ ಪತ್ರ.

ಮೊದಲು ಹೊಟ್ಟಿನ ವಿಷಯ. ಈಚೆಗೆ ನಾಗಮಂಗಲದ ಕಡೆಯಿಂದ ಏಳು ಸೀಟಿನ ಒಂದು ಗಾಡಿ ಬಂತು. ಊರೊಳಗೆ ಓಡಿಸಿದರೆ ಏನೂ ಇಲ್ಲ. ಹೆದ್ದಾರಿಗೆ ಹತ್ತಿ ಎಸಿ ಹಾಕಿಕೊಂಡು ನೂರರ ಹತ್ತಿರ ಹೋದರೆ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇಳುತ್ತದೆ. ಅವರು ಆಗಲೇ ಬೇರೆ ಕಡೆ ವಾಟರ್ ಪಂಪ್, ಥರ್ಮೋಸ್ಟಾಟ್ (ನೀರು ಕಾದ ಮೇಲೆ ರೇಡಿಯೇಟರಿನ ದಾರಿ ತೆರೆಯುವ ವಾಲ್ವ್) ಎರಡನ್ನೂ ಬದಲಾಯಿಸಿಕೊಂಡಿದ್ದರು. ಮುಂದಿನ ಜಾಲರಿಯಿಂದ ಬಗ್ಗಿ ನೋಡಿದರೆ ಎಲ್ಲಾ ಸ್ವಚ್ಛ. ಆದರೆ ಕಣ್ಣಿಗೆ ಕಾಣುವುದು ಎಸಿ ಕಂಡೆನ್ಸರ್ ಮಾತ್ರ. ರೇಡಿಯೇಟರ್ ಇರುವುದು ಅದರ ಹಿಂದೆ. ನಡುವೆ ಬೆರಳು ತೂರುವಷ್ಟು ಜಾಗ. ಮೇಲಿನ ಬೋಲ್ಟ್ ಬಿಚ್ಚಿ ಎರಡನ್ನೂ ಬೇರೆ ಮಾಡಿದೆ. ಹುರುಳಿ ಸಿಪ್ಪೆ, ರಾಗಿ ಹುಲ್ಲಿನ ಚೂರು, ಸತ್ತ ಹುಳ, ಧೂಳು ಎಲ್ಲ ಸೇರಿ ಕಂಬಳಿ ತುಂಡಿನ ಹಾಗೆ ಒಂದೇ ಹಾಳೆಯಾಗಿ ಎದ್ದು ಬಂತು. ರೇಡಿಯೇಟರಿನ ಕೆಳಗಿನ ಅರ್ಧ ಭಾಗ ಪೂರ್ತಿ ಮುಚ್ಚಿಹೋಗಿತ್ತು. ಅದನ್ನು ತೆಗೆದು ತೊಳೆದ ಮೇಲೆ ಮುಳ್ಳು ಮತ್ತೆ ಏಳಲಿಲ್ಲ.

ಟರ್ಬೊ ಗಾಡಿಗೆ ಈ ಕಾಟ ಜಾಸ್ತಿ. ಟರ್ಬೊ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ, ಆ ಗಾಳಿಗೆ ತಕ್ಕ ಡೀಸೆಲ್ ಉರಿಯುತ್ತದೆ. ಬಲ ಹೆಚ್ಚಾದಂತೆ ಹೊರಹಾಕಬೇಕಾದ ಬಿಸಿಯೂ ಹೆಚ್ಚು. ಎಷ್ಟೋ ಗಾಡಿಗಳಲ್ಲಿ ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕೂಡ ಮುಂದೆಯೇ ಇರುತ್ತದೆ. ಹೀಗೆ ಒಂದರ ಹಿಂದೆ ಒಂದು ನಿಂತಾಗ ಕೊನೆಯಲ್ಲಿರುವ ರೇಡಿಯೇಟರಿಗೆ ಸಿಗುವುದು ಆಗಲೇ ಕಾದ ಗಾಳಿ. ಅದನ್ನೂ ಹೊಟ್ಟು ತಡೆದರೆ ಎಂಜಿನ್ ಏನು ಮಾಡಬೇಕು ಹೇಳಿ.

ಒಕ್ಕಣೆ ಕಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಇದನ್ನು ಬಿಚ್ಚಿ ತೊಳೆಸಿ. ನೀರು ಎಂಜಿನ್ ಕಡೆಯಿಂದ ಮುಂದಕ್ಕೆ ಬರಬೇಕು. ಮುಂದಿನಿಂದ ಹೊಡೆದರೆ ಕಸ ಇನ್ನಷ್ಟು ಒಳಗೆ ಕೂರುತ್ತದೆ. ಗಿಡಕ್ಕೆ ನೀರು ಬಿಡುವ ಪೈಪಿನ ವೇಗ ಸಾಕು. ವಾಟರ್ ಸರ್ವಿಸ್ ಗನ್ನನ್ನು ಹತ್ತಿರ ಹಿಡಿದರೆ ರೇಡಿಯೇಟರಿನ ತೆಳು ಲೋಹದ ಪಟ್ಟಿಗಳು (ಫಿನ್) ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ.

ರಸ್ತೆ ಮೇಲೆ ಒಕ್ಕಣೆ ಹಾಕುವ ರೈತರ ಮೇಲೆ ನನಗೆ ಸಿಟ್ಟಿಲ್ಲ. ಮನೆ ಮುಂದೆ ಕಣ ಮಾಡುವಷ್ಟು ಜಾಗ ಈಗ ಯಾರಿಗಿದೆ? ಆದರೆ ಹುರುಳಿ ಬಳ್ಳಿ ಗಾಡಿ ಅಡಿಗೆ ಸುತ್ತಿಕೊಂಡು ಕಾದ ಸೈಲೆನ್ಸರ್ ಪೈಪಿಗೆ ತಾಗಿದರೆ ಬೆಂಕಿಯೇ ಹತ್ತುತ್ತದೆ. ಊರಿಗೊಂದು ಸಿಮೆಂಟಿನ ಕಣ ಮಾಡಿಕೊಡಿ ಅಂತ ಪಂಚಾಯಿತಿಗಳನ್ನು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ರೈತರಿಗೂ ಕಲ್ಲು ಮಣ್ಣಿಲ್ಲದ ಕಾಳು ಸಿಗುತ್ತದೆ.

ಇನ್ನು ನೀರು. ನಮ್ಮ ಕಡೆ ಬೋರ್ ನೀರಿನ ಗುಣ ಎಲ್ಲರಿಗೂ ಗೊತ್ತು. ಸ್ನಾನದ ಹಂಡೆಯ ಒಳಗೆ ಬಿಳಿ ಸುಣ್ಣ ಕಟ್ಟುತ್ತದಲ್ಲ, ಅದೇ ಸುಣ್ಣ ರೇಡಿಯೇಟರಿನ ತೆಳು ಕೊಳವೆಯೊಳಗೂ, ಎಂಜಿನ್ನಿನ ನೀರಿನ ದಾರಿಯಲ್ಲೂ ಕಟ್ಟುತ್ತದೆ. ಹಂಡೆಯನ್ನಾದರೆ ಉಜ್ಜಬಹುದು. ಹಿಂದಿನ ತಾಮ್ರ–ಹಿತ್ತಾಳೆ ರೇಡಿಯೇಟರಿನ ಟ್ಯಾಂಕ್ ಬೆಸುಗೆ ಬಿಡಿಸಿ, ಕೊಳವೆಗೆ ಸಲಾಕೆ ಹಾಕಿ ನಾವೇ ಕ್ಲೀನ್ ಮಾಡುತ್ತಿದ್ದೆವು. ಈಗಿನದು ಅಲ್ಯೂಮಿನಿಯಂ ಕೋರ್, ಎರಡೂ ಕಡೆ ಪ್ಲಾಸ್ಟಿಕ್ ಟ್ಯಾಂಕ್. ಕಟ್ಟಿಕೊಂಡರೆ ಹೊಸದೇ ಗತಿ.

‘ಕೂಲೆಂಟ್ ಅನ್ನೋದು ಹಿಮ ಬೀಳೋ ದೇಶದವರಿಗೆ, ನಮಗೆ ನೀರೇ ಸಾಕು’ ಅನ್ನುವ ಮಾತನ್ನು ದಿನಾ ಕೇಳುತ್ತೇನೆ. ಇದು ತಪ್ಪು. ರೇಡಿಯೇಟರ್ ನೀರಿಗೆ ಬೆರೆಸುವ ಈ ಕೂಲೆಂಟ್ ದ್ರವ ನೀರಿನ ಕುದಿಯುವ ಮಟ್ಟವನ್ನು ಏರಿಸುತ್ತದೆ, ತುಕ್ಕು ತಡೆಯುತ್ತದೆ. ಡೀಸೆಲ್ ಎಂಜಿನ್ನಿಗೆ ಇನ್ನೊಂದು ಉಪಕಾರವೂ ಇದೆ. ನೀರಿಗೆ ನೇರ ತಾಗುವ ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಇರುವ ಎಂಜಿನ್ನುಗಳಲ್ಲಿ ಪ್ರತಿ ಸಲ ಡೀಸೆಲ್ ಸಿಡಿದಾಗ ಲೈನರ್ ಅದುರುತ್ತದೆ. ಅದರ ಹೊರಮೈಯಲ್ಲಿ ಸಣ್ಣ ಗುಳ್ಳೆ ಎದ್ದು ಒಡೆಯುತ್ತಾ ಲೋಹವನ್ನೇ ಕೊರೆಯುತ್ತವೆ. ಬರೀ ನೀರು ಹಾಕಿ ಓಡಿಸಿದ ಲೈನರನ್ನು ಹೊರಗೆ ತೆಗೆದು ನೋಡಿ, ಸೂಜಿ ಚುಚ್ಚಿದಂಥ ತೂತು ಕಾಣುತ್ತವೆ. ಒಳ್ಳೆಯ ಕೂಲೆಂಟಿನಲ್ಲಿರುವ ರಾಸಾಯನಿಕ ಅದನ್ನು ತಡೆಯುತ್ತದೆ.

ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್, ಸಾಮಾನ್ಯವಾಗಿ ಇದೇ ಲೆಕ್ಕ. ಬ್ಯಾಟರಿಗೆ ಹಾಕುವ ನೀರೇ ಇದು, ದೊಡ್ಡ ಖರ್ಚೇನಲ್ಲ. ಕೂಲೆಂಟನ್ನೇ ಪೂರ್ತಿ ತುಂಬುವುದೂ ತಪ್ಪು, ಬಿಸಿ ಹೊತ್ತೊಯ್ಯುವುದರಲ್ಲಿ ಅದು ನೀರಿಗಿಂತ ಹಿಂದೆ. ಡಬ್ಬದಲ್ಲೇ ಬೆರೆಸಿ ಬರುವ ರೆಡಿ ಕೂಲೆಂಟಿಗೆ ಮತ್ತೆ ನೀರು ಬೆರೆಸಬೇಡಿ. ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು ಅನ್ನುವುದು ಕಂಪನಿಯವರು ಹಾಕುವ ಬಣ್ಣ ಮಾತ್ರ. ಬೇರೆ ಬೇರೆ ಜಾತಿಯ ಕೂಲೆಂಟ್ ಬೆರೆತರೆ ಗಂಜಿಯಾಗಿ ಕೋರ್ ಕಟ್ಟಿಕೊಳ್ಳಬಹುದು. ಗಾಡಿಯ ಪುಸ್ತಕದಲ್ಲಿ ಏನು ಬರೆದಿದೆಯೋ ಅದನ್ನೇ ಹಾಕಿ. ಹಳೆ ಮಾದರಿಯ ಹಸಿರು ಕೂಲೆಂಟಿಗೆ ಎರಡು ವರ್ಷ, ಈಗಿನ ದೀರ್ಘ ಬಾಳಿಕೆಯದಕ್ಕೆ ಸುಮಾರು ಐದು ವರ್ಷ ಆಯಸ್ಸು.

ರೇಡಿಯೇಟರ್ ಮುಚ್ಚಳದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದು ಸುಮ್ನೆ ಮುಚ್ಚಳ ಅಲ್ಲ, ವಾಲ್ವ್. ಅದರ ಮೇಲೆ 0.9, 1.1 ಹೀಗೆ ಬಾರ್ ಲೆಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. ಅಷ್ಟು ಒತ್ತಡವನ್ನು ಅದು ಒಳಗೆ ಹಿಡಿದಿಡುತ್ತದೆ. ಒತ್ತಡ ಇದ್ದರೆ ನೀರು ಬೇಗ ಕುದಿಯುವುದಿಲ್ಲ. ಹೊರಗಿನ ಗಾಳಿಗಿಂತ 1 ಬಾರ್ ಹೆಚ್ಚು ಒತ್ತಡದಲ್ಲಿ ಬರೀ ನೀರೂ ಸುಮಾರು 120 ಡಿಗ್ರಿವರೆಗೆ ಕುದಿಯದೆ ನಿಲ್ಲುತ್ತದೆ. ಈಗ ನಮ್ಮ ಜಾಗ ನೋಡಿ. ಮಂಡ್ಯ ಸಮುದ್ರ ಮಟ್ಟದಿಂದ ಸುಮಾರು 680 ಮೀಟರ್ ಮೇಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಹತ್ತಿರ ಕುದಿಯುತ್ತದೆ. ಊಟಿ 2,200 ಮೀಟರಿಗೂ ಮೇಲೆ, ಅಲ್ಲಿ 93ರ ಆಸುಪಾಸಿನಲ್ಲೇ ಕುದಿ ಬರುತ್ತದೆ. ಅಂದರೆ ಮುಚ್ಚಳದ ರಬ್ಬರ್ ಸತ್ತಿರುವ ಗಾಡಿ ಘಾಟಿ ಹತ್ತುತ್ತಾ ಹೋದಂತೆ ಎಂಜಿನ್ ಬಿಸಿ ಏರುತ್ತದೆ, ಕುದಿಯುವ ಮಟ್ಟ ಇಳಿಯುತ್ತದೆ. ಮಸಿನಗುಡಿ ದಾಟಿ ಊಟಿಗೆ ಹೋಗುವ ಕಲ್ಹಟ್ಟಿ ಘಾಟಿಯ 36 ತಿರುವು ಹತ್ತುವಾಗ ಗಾಡಿ ಹೊಗೆ ಹಾಕಿ ನಿಲ್ಲುವುದಕ್ಕೆ ಎಷ್ಟೋ ಸಲ ಈ ಸಣ್ಣ ಮುಚ್ಚಳವೇ ಕಾರಣ. ರಬ್ಬರ್ ಬಿರುಕು ಬಿಟ್ಟಿದ್ದರೆ ಬದಲಾಯಿಸಿ, ಅದೇ ಸಂಖ್ಯೆಯದನ್ನೇ ಹಾಕಿ. ಹೆಚ್ಚಿನ ಸಂಖ್ಯೆಯದು ಹಾಕಿದರೆ ಒಳ್ಳೆಯದು ಅಂದುಕೊಳ್ಳಬೇಡಿ, ಹಳೆ ಪ್ಲಾಸ್ಟಿಕ್ ಟ್ಯಾಂಕ್ ಸೀಳುತ್ತದೆ.

ನನಗೆ ನಿಜಕ್ಕೂ ಬೇಸರ ತರಿಸುವುದು ಥರ್ಮೋಸ್ಟಾಟ್ ಕಿತ್ತೆಸೆಯುವ ಚಾಳಿ. ‘ಇದನ್ನ ತೆಗೆದುಬಿಟ್ರೆ ಹೀಟೇ ಆಗಲ್ಲ’ ಅಂತ ಧೈರ್ಯವಾಗಿ ಹೇಳುತ್ತಾರೆ. ಡೀಸೆಲ್ ಎಂಜಿನ್ ತಣ್ಣಗಿದ್ದರೆ ಡೀಸೆಲ್ ಸರಿಯಾಗಿ ಉರಿಯುವುದಿಲ್ಲ, ಮೈಲೇಜ್ ಬೀಳುತ್ತದೆ, ಪಿಸ್ಟನ್ ರಿಂಗ್ ಬೇಗ ಸವೆಯುತ್ತದೆ. ಇನ್ನೊಂದು ಅಪಾಯ ಜನಕ್ಕೆ ಗೊತ್ತೇ ಇಲ್ಲ. ಹಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆದುಕೊಳ್ಳುವಾಗ ಅದರ ಇನ್ನೊಂದು ತುದಿ, ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ಮರಳುವ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತದೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಕಡೆ ಹೋಗದೆ ಎಂಜಿನ್ನಲ್ಲೇ ಸುತ್ತುತ್ತದೆ. ಬಿಸಿ ಕಮ್ಮಿ ಮಾಡಲು ತೆಗೆದದ್ದೇ ಬಿಸಿ ಜಾಸ್ತಿ ಮಾಡುತ್ತದೆ. ಅನುಮಾನ ಇದ್ದರೆ ಥರ್ಮೋಸ್ಟಾಟನ್ನು ದಾರ ಕಟ್ಟಿ ಪಾತ್ರೆ ನೀರಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ. ಅದರ ಮೇಲೆ 82 ಅಂತ ಒತ್ತಿದ್ದರೆ ಆ ಹೊತ್ತಿಗೆ ಬಾಯಿ ಬಿಡಲು ಶುರು ಮಾಡಬೇಕು, 95ರ ಹೊತ್ತಿಗೆ ಪೂರ್ತಿ ತೆರೆಯಬೇಕು. ತೆರೆಯದಿದ್ದರೆ ಹೊಸದು ಹಾಕಿ.

ಫ್ಯಾನ್ ಬೆಲ್ಟಿನಿಂದ ತಿರುಗುವ ಗಾಡಿಗಳಲ್ಲಿ ನಡುವೆ ಒಂದು ಕಪ್ಲಿಂಗ್ ಇರುತ್ತದೆ. ಅದರೊಳಗಿನ ಸಿಲಿಕೋನ್ ಎಣ್ಣೆ ಸೋರಿದರೆ ಫ್ಯಾನ್ ತಿರುಗಿದಂತೆ ಕಾಣುತ್ತದೆ, ಗಾಳಿ ಎಳೆಯುವುದಿಲ್ಲ. ಗಾಡಿ ಬಿಸಿ ಇರುವಾಗ ಎಂಜಿನ್ ಆಫ್ ಮಾಡಿ, ಕೀ ತೆಗೆದು, ಕೈಯಲ್ಲಿ ತಿರುಗಿಸಿ ನೋಡಿ. ಬಿಗಿ ಇರಬೇಕು. ಸಲೀಸಾಗಿ ಸುತ್ತು ಹೊಡೆದರೆ ಅದು ಹೋಗಿದೆ. ಕರೆಂಟ್ ಫ್ಯಾನ್ ಇರುವ ಗಾಡಿಯಲ್ಲಿ ಕೈ ಹಾಕಲೇಬೇಡಿ, ಎಂಜಿನ್ ಆಫ್ ಆದ ಮೇಲೂ ಅದು ತಾನೇ ತಿರುಗಬಹುದು.

ಮುಳ್ಳನ್ನೇ ನಂಬಿ ಕೂರಬೇಡಿ. ಎಷ್ಟೋ ಗಾಡಿಗಳಲ್ಲಿ ಅದು ನಡುವೆ ಅಲುಗಾಡದೆ ಕೂತಿರುವ ಹಾಗೆ ಕಂಪನಿಯವರೇ ಮಾಡಿರುತ್ತಾರೆ. ಮೇಲೆ ಏಳುವ ಹೊತ್ತಿಗೆ ತಡವಾಗಿರುತ್ತದೆ. ನೀರೆಲ್ಲ ಖಾಲಿಯಾಗಿ ಸೆನ್ಸರ್ ಬರೀ ಆವಿಯಲ್ಲಿ ನಿಂತರೆ ಮುಳ್ಳು ಕೆಳಗೇ ತೋರಿಸಬಹುದು. ಅದಕ್ಕೇ ಬೆಳಿಗ್ಗೆ ತಣ್ಣಗಿರುವಾಗ ಬಾನೆಟ್ ಎತ್ತಿ ಬಾಟಲಿಯ ಮಟ್ಟ ನೋಡುವ ಅಭ್ಯಾಸ ಬೇಕು. ಮೇಲಿನ ಹೋಸ್ ಪೈಪನ್ನೂ ಒತ್ತಿ ನೋಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಅದು ಗಟ್ಟಿಯಾಗಿದ್ದರೆ, ಅಥವಾ ಎಲ್ಲೂ ಸೋರದೆ ನೀರು ಕಮ್ಮಿಯಾಗುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ ಕೆಳಗಿನ ಸೀಲು) ಅನುಮಾನಿಸಿ. ಇಜಿಆರ್ ಕೂಲರ್ (ಎಂಜಿನ್ನಿಗೆ ಮರಳಿಸುವ ಹೊಗೆಯನ್ನು ತಣಿಸುವ ಭಾಗ) ಇರುವ ಗಾಡಿಯಲ್ಲಿ ಅದನ್ನೂ ನೋಡಿಸಿ, ಅದು ಒಳಗೊಳಗೇ ಸೋರಿ ನೀರು ಬಿಳಿ ಹೊಗೆಯಾಗಿ ಹೋಗುತ್ತದೆ. ಇದನ್ನು ನೋಡದೆ ಹೆಡ್ ಬಿಚ್ಚಿಸಿ ದುಡ್ಡು ಕಳೆದುಕೊಂಡವರಿದ್ದಾರೆ.

ದಾರಿಯಲ್ಲಿ ಬಿಸಿಯಾದರೆ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ. ಸೆಕೆ ಆದರೂ ತಡೆದುಕೊಳ್ಳಿ, ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ. ಪಕ್ಕಕ್ಕೆ ನಿಲ್ಲಿಸಿ. ಮುಳ್ಳು ಕೆಂಪಿಗೆ ಹೋಗಿದ್ದರೆ ಅಥವಾ ಆವಿ ಬರುತ್ತಿದ್ದರೆ ತಕ್ಷಣ ಆಫ್ ಮಾಡಿ. ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ. ಮುಖ, ಎದೆ ಬೆಂದುಹೋದವರನ್ನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಅರ್ಧ ಗಂಟೆಗೂ ಹೆಚ್ಚು ಕಾಯಿರಿ, ಹೋಸ್ ಮೆತ್ತಗಾಗಲಿ. ಕಾದ ಎಂಜಿನ್ನಿಗೆ ನಾಲೆಯ ತಣ್ಣೀರು ಸುರಿದರೆ ಅಲ್ಯೂಮಿನಿಯಂ ಹೆಡ್ ಬಿರುಕು ಬಿಡಬಹುದು. ಬೇರೆ ದಾರಿ ಇಲ್ಲದೆ ಸಾದಾ ನೀರು ಹಾಕಿದರೆ, ಊರು ತಲುಪಿದ ಮೇಲೆ ಬಸಿದು ಕೂಲೆಂಟ್ ತುಂಬಿಸಿ.

ಘಾಟಿ ಹತ್ತಿ ಬಂದ ಮೇಲೆ, ಹೆದ್ದಾರಿಯಲ್ಲಿ ಜೋರಾಗಿ ಬಂದು ಹೋಟೆಲ್ ಮುಂದೆ ನಿಲ್ಲಿಸಿದಾಗಲೂ, ಒಂದೆರಡು ನಿಮಿಷ ಎಂಜಿನ್ ಸುಮ್ನೆ ಓಡಲಿ. ಟರ್ಬೊ ತಣಿಯುವುದು ಹರಿಯುವ ಎಣ್ಣೆಯಿಂದ, ಕೆಲವದರಲ್ಲಿ ನೀರಿನಿಂದಲೂ. ತಟ್ಟನೆ ಆರಿಸಿದರೆ ಅದರೊಳಗೆ ನಿಂತ ಎಣ್ಣೆ ಸುಟ್ಟು ಕರಿಯಾಗುತ್ತದೆ.

ಕೊನೆಯದಾಗಿ ಗ್ಯಾರೇಜಿನವರಿಗೆ, ಬಂಕಿನವರಿಗೆ ಎರಡು ಮಾತು. ಬಂಕಿನಲ್ಲಿ ಗಾಳಿ ಹಿಡಿಯುವ ಜಾಗದ ಪಕ್ಕ ರೇಡಿಯೇಟರಿಗೆ ಅಂತ ಬೋರ್ ನೀರಿನ ಡಬ್ಬ ಇಟ್ಟಿರುತ್ತೀರಿ. ಅದರ ಜೊತೆ ನಾಲ್ಕು ಕ್ಯಾನ್ ಡಿಸ್ಟಿಲ್ಡ್ ವಾಟರನ್ನೂ ಮಾರಾಟಕ್ಕೆ ಇಡಿ, ಕೊಳ್ಳುವವರು ಇದ್ದಾರೆ. ಗ್ಯಾರೇಜಿನವರು ಬಸಿದ ಕೂಲೆಂಟನ್ನು ಚರಂಡಿಗೆ, ನಾಲೆ ಏರಿಗೆ ಚೆಲ್ಲಬೇಡಿ. ಅದು ವಿಷ, ಆದರೆ ರುಚಿ ಸಿಹಿ. ನಾಯಿ, ದನ ನೆಕ್ಕಿದರೆ ಮೂತ್ರಪಿಂಡ ಹೋಗಿ ಸಾಯುತ್ತವೆ. ಮುಚ್ಚಳ ಇರುವ ಕ್ಯಾನಿಗೆ ತುಂಬಿ, ಹಳೆ ಎಂಜಿನ್ ಆಯಿಲಿಗೆ ಬೆರೆಸದೆ ಬೇರೆಯಾಗಿಡಿ. ಅದನ್ನು ಒಪ್ಪಿಸಲು ನಮ್ಮ ಜಿಲ್ಲೆಯ ಸಣ್ಣ ಗ್ಯಾರೇಜುಗಳಿಗೆ ನಗರಸಭೆ ಒಂದು ಜಾಗ ಗೊತ್ತು ಮಾಡಿದರೆ, ನಮ್ಮ ಅಂಗಡಿಯ ಕ್ಯಾನುಗಳನ್ನು ಮೊದಲು ನಾನೇ ತಂದುಕೊಡುತ್ತೇನೆ.

ಇಂತಿ,
ಒಬ್ಬ ರೇಡಿಯೇಟರ್ ಕೆಲಸಗಾರ, ಮಂಡ್ಯ