ನರ್ಸಿಂಗ್ ಸಹಾಯಕರು ನರ್ಸ್ ಆಗಲು ಸಂಬಳ ಸಹಿತ ರಜೆ ಕೊಡಿ: ವೈದ್ಯಕೀಯ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ಮಾನ್ಯರೇ,

ಆಸ್ಪತ್ರೆಯಲ್ಲಿ ರೋಗಿಯ ಮೈ ಒರೆಸುವವರು, ಬೆಡ್‌ಪ್ಯಾನ್ ಕೊಡುವವರು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವವರು ನರ್ಸಿಂಗ್ ಸಹಾಯಕರು. ಸೊಂಟದ ಹಿಂಭಾಗದಲ್ಲಿ ಚರ್ಮ ಕೆಂಪಾಗಿ, ಬೆರಳಿನಿಂದ ಒತ್ತಿದರೂ ಬಿಳಿಚಿಕೊಳ್ಳದಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಅದು ಮೊದಲು ಕಾಣುವುದು ಇವರ ಕಣ್ಣಿಗೇ. ಇವರು ಓದಿ ನೋಂದಾಯಿತ ನರ್ಸ್ ಆಗಲು ನಿಯಮದಲ್ಲಿ ಅಡ್ಡಿಯಿಲ್ಲ. ಓದುವ ಮೂರು ವರ್ಷ ಮನೆ ನಡೆಯುವುದು ಹೇಗೆ ಎಂಬುದಕ್ಕೆ ಮಾತ್ರ ಯಾರ ಬಳಿಯೂ ಉತ್ತರವಿಲ್ಲ.

ಭಾರತೀಯ ನರ್ಸಿಂಗ್ ಕೌನ್ಸಿಲ್ ಗೊತ್ತುಮಾಡಿದ ಅರ್ಹತೆಯಂತೆ ಮೂರು ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಡಿಪ್ಲೊಮಾಗೆ ಯಾವ ವಿಭಾಗದ ಪಿಯುಸಿಯಾದರೂ ನಡೆಯುತ್ತದೆ. ಇಂಗ್ಲಿಷ್ ಓದಿರಬೇಕು, ಶೇ 40 ಅಂಕ ಬೇಕು, ವಯಸ್ಸು 17ರಿಂದ 35ರೊಳಗಿರಬೇಕು. ನೋಂದಾಯಿತ ಎಎನ್‌ಎಂಗಳಿಗೆ (ಸಹಾಯಕ ನರ್ಸ್–ಮಿಡ್‌ವೈಫ್) ಮಾತ್ರ ಗರಿಷ್ಠ ವಯೋಮಿತಿ ಇಲ್ಲ. ಜಿಎನ್‌ಎಂ ಮುಗಿಸಿ ನೋಂದಣಿ ಮಾಡಿಸಿದವರು ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಸೇರಬಹುದು. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹನ್ನೆರಡನೇ ತರಗತಿ ಪಾಸಾಗಿಯೂ ಜಿಎನ್‌ಎಂಗೆ ಬರಬಹುದು. ಇದನ್ನು ಇವರಿಗೆ ಹೇಳುವವರೇ ಇಲ್ಲ. ಗೊತ್ತಿಲ್ಲದೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ತೆಗೆದುಕೊಂಡರೆ, ಪಾಸಾದ ಮೇಲೂ ಅರ್ಹತೆ ಸಿಗುವುದಿಲ್ಲ.

ತೊಡಕು ಶುರುವಾಗುವುದು ಸೀಟು ಸಿಕ್ಕ ಮೇಲೆ. ಜಿಎನ್‌ಎಂ ಪೂರ್ಣಾವಧಿ ಕೋರ್ಸು. ಪರೀಕ್ಷೆಗೆ ಕೂರಲು ತರಗತಿಯಲ್ಲೂ ವಾರ್ಡಿನಲ್ಲೂ ಶೇ 80 ಹಾಜರಿ ಬೇಕು. ಡಿಪ್ಲೊಮಾ ಕೈಗೆ ಬರುವ ಮುನ್ನ ಪ್ರಾಯೋಗಿಕ ಹಾಜರಿ ಶೇ 100 ಆಗಿರಬೇಕು. ಹನ್ನೆರಡು ಗಂಟೆಯ ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಕ್ಲಿನಿಕಲ್ ಪೋಸ್ಟಿಂಗ್‌ಗೆ, ಅಂದರೆ ವಾರ್ಡಿನ ತರಬೇತಿಗೆ, ನಿಲ್ಲುವುದು ಎಷ್ಟು ದಿನ ಸಾಧ್ಯ? ಕೆಲಸ ಬಿಟ್ಟರೆ ಸಂಬಳವಿಲ್ಲ, ಓದು ಬಿಟ್ಟರೆ ಕಟ್ಟಿದ ಶುಲ್ಕ ಹೋಯಿತು. ಈ ಇಕ್ಕಟ್ಟನ್ನೇ ಬಂಡವಾಳ ಮಾಡಿಕೊಂಡವರು "ಆರು ತಿಂಗಳಲ್ಲಿ ನರ್ಸಿಂಗ್, ಹಾಜರಿ ಬೇಡ" ಎಂದು ಪ್ರಮಾಣಪತ್ರ ಮಾರುತ್ತಾರೆ. ಅದನ್ನು ಹಿಡಿದುಕೊಂಡು ಹೋದರೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗುವುದಿಲ್ಲ. ಜನರಲ್ ಡ್ಯೂಟಿ ಅಸಿಸ್ಟೆಂಟ್ ತರಬೇತಿ ಒಳ್ಳೆಯದೇ, ಆದರೆ ಅದು ಸಹಾಯಕರ ತರಬೇತಿ. ಅದರಿಂದಲೂ ನೋಂದಣಿ ಸಿಗದು.

ಹತ್ತು ವರ್ಷ ದುಡಿದವರಿಗೆ ಕೋರ್ಸಿನಲ್ಲೇ ಒಂದು ವರ್ಷ ರಿಯಾಯಿತಿ ಕೊಡಿ ಎಂಬ ಮಾತು ಬಂದರೆ ದಯವಿಟ್ಟು ಒಪ್ಪಬೇಡಿ. ಬಿ.ಪಿ. 90/60ಕ್ಕೆ ಇಳಿದಿದ್ದರೆ ಸಹಾಯಕಿ ಅದನ್ನು ಬರೆದು ಸಿಸ್ಟರ್‌ಗೆ ತಿಳಿಸುತ್ತಾಳೆ. ಒಂದು ಗಂಟೆ ಹಿಂದೆ ಎಷ್ಟಿತ್ತು, ನಾಡಿ ಏರಿದೆಯೇ, ಮೂತ್ರ ಕಡಿಮೆಯಾಗಿದೆಯೇ, ಡ್ರೆಸಿಂಗ್ ರಕ್ತದಲ್ಲಿ ನೆಂದಿದೆಯೇ ಎಂದು ನೋಡಿ, ಡಾಕ್ಟರನ್ನು ಈಗಲೇ ಕರೆಯಬೇಕೆಂದು ತೀರ್ಮಾನಿಸುವುದು ನರ್ಸ್ ಕೆಲಸ. 500 ಎಂಎಲ್ ಡ್ರಿಪ್ ಎಂಟು ಗಂಟೆಯಲ್ಲಿ ಹೋಗಬೇಕು ಎಂದುಕೊಳ್ಳಿ. ಎಂಎಲ್‌ಗೆ 20 ಹನಿ ಬೀಳಿಸುವ ಡ್ರಿಪ್ ಸೆಟ್ (ನಳಿಕೆ) ಆದರೆ 10,000 ಹನಿಯನ್ನು 480 ನಿಮಿಷದಿಂದ ಭಾಗಿಸಬೇಕು: ನಿಮಿಷಕ್ಕೆ ಸುಮಾರು 21. ಎಂಎಲ್‌ಗೆ 60 ಹನಿಯ ಮೈಕ್ರೋ ಸೆಟ್ ಹಾಕಿ ಅದೇ 21ಕ್ಕೆ ಬಿಟ್ಟರೆ ರೋಗಿಗೆ ಹೋಗುವುದು ಬೇಕಾದ್ದರಲ್ಲಿ ಮೂರನೇ ಒಂದು ಪಾಲು. ಕೈಯ ಅಭ್ಯಾಸ ಎಷ್ಟೇ ಇದ್ದರೂ ಈ ಲೆಕ್ಕವನ್ನು ಕೂತು ಕಲಿಯಬೇಕು. ಆದ್ದರಿಂದ ನಾವು ಕೇಳುತ್ತಿರುವುದು ಓದಿನಲ್ಲಿ ರಿಯಾಯಿತಿಯನ್ನಲ್ಲ, ಓದುವ ಕಾಲಕ್ಕೆ ಸಂಬಳವನ್ನು.

ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ಅರ್ಹ ಸಹಾಯಕರನ್ನು ಪ್ರತಿವರ್ಷ ಪರೀಕ್ಷೆ ನಡೆಸಿ ಆರಿಸಿ. ಸರ್ಕಾರಿ ನರ್ಸಿಂಗ್ ಶಾಲೆಗಳಲ್ಲಿ ಅವರಿಗೆಂದೇ ಸೀಟು ಇಡಿ, ಮೂರು ವರ್ಷ ಸಂಬಳ ಸಹಿತ ರಜೆ ಕೊಡಿ, ಬದಲಿಗೆ ಐದು ವರ್ಷ ಸೇವೆಯ ಬಾಂಡ್ ಬರೆಸಿಕೊಳ್ಳಿ. ಹೊರಗುತ್ತಿಗೆಯವರ ಸಂಬಳ ಏಜೆನ್ಸಿ ಮೂಲಕ ಬರುವುದರಿಂದ ಈ ರಜೆಯನ್ನು ಟೆಂಡರ್ ಷರತ್ತಿನಲ್ಲೇ ಸೇರಿಸಬೇಕು; ಇಲ್ಲವಾದರೆ ಆದೇಶ ಕಾಯಂ ನೌಕರರಿಗಷ್ಟೇ ಸಿಕ್ಕೀತು. ತರಗತಿ ಶುರುವಾಗುವ ಮುಂಚೆ ಮೂರು ತಿಂಗಳ ಪೂರ್ವಸಿದ್ಧತೆ ಇರಲಿ: ದಶಮಾಂಶ, ಮಿಲಿಗ್ರಾಂ–ಮೈಕ್ರೋಗ್ರಾಂ ಪರಿವರ್ತನೆ, ಜೀವಶಾಸ್ತ್ರದ ಮೂಲಪಾಠ, ಔಷಧಿಗಳ ಇಂಗ್ಲಿಷ್ ಹೆಸರು. ಮೊದಲು ಕನ್ನಡದಲ್ಲಿ ವಿವರಿಸಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಸಿದರೆ ಮೊದಲ ವರ್ಷದ ಫೇಲು ಎಷ್ಟೋ ತಪ್ಪುತ್ತದೆ.

ಇನ್ನೊಂದು ಮಾತು. ಹಳೆಯ ಸಹಾಯಕಿ ವಿದ್ಯಾರ್ಥಿನಿಯಾಗಿ ವಾರ್ಡಿಗೆ ಬಂದರೆ, ಕೈ ಪಳಗಿದೆ ಎಂದು ಮತ್ತೆ ಬೆಡ್‌ಪ್ಯಾನಿಗೇ ಕಳಿಸುತ್ತಾರೆ. ರೋಗಿಗಳಿಗೆ ಔಷಧಿ ಕೊಡುವ ಸುತ್ತು ಅವಳಿಗೆ ತಪ್ಪುತ್ತದೆ. ಓದಿನ ಅವಧಿಯಲ್ಲಿ ಅವಳನ್ನು ಹಳೆಯ ಕೆಲಸಕ್ಕೆ ಹಚ್ಚಬಾರದೆಂದು ಆದೇಶದಲ್ಲೇ ಬರೆಯಿರಿ.

ಆದೇಶ ಈ ಸಾಲಿನ ಪ್ರವೇಶ ಪ್ರಕಟಣೆಗೆ ಮುನ್ನವೇ ಹೊರಡಲಿ. ಎಎನ್‌ಎಂ ಆಗಿರದ, 34 ತುಂಬಿದ ಸಹಾಯಕಿಗೆ ಮುಂದಿನ ವರ್ಷದ ಹೊತ್ತಿಗೆ ವಯಸ್ಸು ಮೀರಿರುತ್ತದೆ.

ಇಂತಿ,
ನರ್ಸಿಂಗ್ ಬೋಧಕರು ಮತ್ತು ವಾರ್ಡ್ ಇನ್‌ಚಾರ್ಜ್ ಸಿಸ್ಟರ್‌ಗಳು