ಸನ್ನತಿ ಪ್ರವಾಸದ ಬಗ್ಗೆ ಎಂಟನೇ ತರಗತಿ ಪೋಷಕರಿಗೆ

ಆತ್ಮೀಯ ಪೋಷಕರೇ, ನಮಸ್ಕಾರ.

ಬರುವ ಶನಿವಾರ ಮಕ್ಕಳನ್ನು ಸನ್ನತಿಗೆ ಕರೆದುಕೊಂಡು ಹೋಗುತ್ತಿದ್ದೇವೆ. "ಚಂದ್ರಲಾಂಬಾ ದರ್ಶನಕ್ಕೆ ನಾವೇ ಹೋಗ್ತಿರ್ತೀವಲ್ಲ, ಮತ್ತೆ ಯಾಕೆ?" ಎಂದು ನಿಮ್ಮಲ್ಲಿ ಕೆಲವರು ಕೇಳಿದಿರಿ. ದರ್ಶನ ಈ ಸಲವೂ ಇದೆ. ಆದರೆ ಮಕ್ಕಳಿಗೆ ತೋರಿಸಬೇಕೆಂದಿರುವುದು ಆ ಊರಿನ ಹಳೆಯ ಪದರಗಳನ್ನು.

1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲೇ ಇದ್ದ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆಯಿತು. ಆಗ ಪೀಠದ ಕಲ್ಲಿನಲ್ಲಿ ಅಕ್ಷರಗಳು ಕಂಡವು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅದು ಅಶೋಕನ ಶಾಸನ, ಸುಮಾರು 2,250 ವರ್ಷ ಹಳೆಯದು! ಕಲ್ಲಿನ ಎರಡೂ ಬದಿಗೆ ಬರಹವಿದೆ. ಮೂರ್ತಿ ನಿಲ್ಲಿಸಲು ನಡುವೆ ದೊಡ್ಡ ತೂತು ಕೊರೆದಿದ್ದಾರೆ, ಅಲ್ಲಿದ್ದ ಸಾಲುಗಳು ಹೋಗಿಬಿಟ್ಟಿವೆ. ಕೊರೆದವರಿಗೆ ಆ ಲಿಪಿ ಓದಲು ಬರುತ್ತಿರಲಿಲ್ಲವೇನೋ. ಉಳಿದದ್ದರಲ್ಲಿ ಬೇರೆಯವರ ಧರ್ಮವನ್ನೂ ಗೌರವಿಸಿ ಎನ್ನುವ, ಅಶೋಕನ ಹನ್ನೆರಡನೇ ಬಂಡೆಶಾಸನದ ಭಾಗವಿದೆ. ಅದರ ಮೇಲೇ ಇಷ್ಟು ಕಾಲ ಕಾಳಿಯ ಪೂಜೆ ನಡೆದಿತ್ತು. ನನಗಂತೂ ಇದು ಪ್ರತಿ ಸಲ ಮೈ ಜುಮ್ಮೆನ್ನಿಸುವ ಸಂಗತಿ.

ಅಲ್ಲಿಂದ ಹತ್ತಿರದ ಕನಗನಹಳ್ಳಿಗೆ ಹೋಗುತ್ತೇವೆ. ಭೀಮಾ ದಡದಲ್ಲಿ ಮಣ್ಣಿನಡಿ ಹೂತುಹೋಗಿದ್ದ ಬೌದ್ಧ ಮಹಾಸ್ತೂಪ 1990ರ ದಶಕದ ಉತ್ಖನನದಲ್ಲಿ ಹೊರಬಂತು. ಅಲ್ಲಿನ ಒಂದು ಫಲಕದಲ್ಲಿ ರಾಣಿಯರು, ಸೇವಕಿಯರ ಜೊತೆ ಅಶೋಕ ನಿಂತಿದ್ದಾನೆ. ಪಕ್ಕದಲ್ಲೇ ಹೆಸರೂ ಕೆತ್ತಿದೆ, ಹಾಗಾಗಿ ಅವನೇ ಎನ್ನುವುದರಲ್ಲಿ ಅನುಮಾನವಿಲ್ಲ. ಅವನು ತೀರಿಕೊಂಡು ಬಹಳ ಕಾಲವಾದ ಮೇಲೆ, ಶಾತವಾಹನರ ಕಾಲದ ಶಿಲ್ಪಿಗಳು ಅದನ್ನು ಮಾಡಿದರು. ಪಠ್ಯದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ಮೌರ್ಯರು, ಶಾತವಾಹನರು ನಮ್ಮ ಕಲಬುರಗಿಯ ಮಣ್ಣಿನಲ್ಲೇ ಇದ್ದಾರೆ ಎಂದು ಮಕ್ಕಳಿಗೆ ಅನ್ನಿಸಬೇಕು.

ಒಂದು ಮಾತು ಮನೆಯಲ್ಲೇ ಹೇಳಿ ಕಳಿಸಿ. ಅಲ್ಲಿ ಮಡಕೆ ಚೂರು, ಇಟ್ಟಿಗೆ ತುಂಡು ಕಣ್ಣಿಗೆ ಬೀಳಬಹುದು. ಸುಮ್ನೆ ನೆನಪಿಗೆ ಅಂತಲೂ ಎತ್ತಿಕೊಳ್ಳಬಾರದು. ಒಂದು ಚೂರು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಎಂಬುದರಿಂದ ಅದರ ಕಾಲ ತಿಳಿಯಲು ಬಹಳ ಸಹಾಯವಾಗುತ್ತದೆ. ಜಾಗ ತಪ್ಪಿದರೆ ಅದು ಹೇಳುವುದು ತೀರಾ ಕಡಿಮೆಯಾಗುತ್ತದೆ. ಕೆತ್ತನೆ ಮುಟ್ಟುವುದು, ಅದರ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವುದೂ ಬೇಡ. ನದಿಗೆ ಯಾರನ್ನೂ ಇಳಿಸುವುದಿಲ್ಲ.

ಬಸ್ಸು ಬೆಳಿಗ್ಗೆ 7ಕ್ಕೆ ಶಾಲೆಯಿಂದ ಹೊರಡುತ್ತದೆ, ಸಂಜೆ 6ರೊಳಗೆ ವಾಪಸು. ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿ ಸಾಕು. ಬಿಸಿಲು ಜಾಸ್ತಿ, ಟೋಪಿ ಮತ್ತು ಎರಡು ಬಾಟಲಿ ನೀರು ಮರೆಯಬೇಡಿ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಗುರುವಾರದೊಳಗೆ ಕಳಿಸಿ.

ಚಾವಣಿ ಬೀಳುವ ಮುಂಚೆ ಆ ಕಾಳಿ ಗುಡಿಯನ್ನು ನೋಡಿದ ಅಜ್ಜ, ಅಜ್ಜಿ ನಿಮ್ಮ ಮನೆಯಲ್ಲಿದ್ದರೆ ಮಕ್ಕಳ ಕೈಲಿ ಹೇಳಿ ಕಳಿಸಿ. ಸೋಮವಾರ ಅವರು ತರಗತಿಗೆ ಬಂದು ಮಾತಾಡಲಿ ಎಂಬ ಆಸೆ ನಮಗಿದೆ.

ನಿಮ್ಮ,
ಮುಖ್ಯೋಪಾಧ್ಯಾಯಿನಿ